ಟ್ರ್ಯಾಕ್ಟರಿನ ಹಣೆಗೆ ಗೊಂಡೆ

ನನ್ನ ಸ್ಕೂಟಿಯ ಕೀಲಿಗೆ ಒಂದು ಗೊಂಡೆ ಇದೆ. ಕೆಂಪು, ಹಸಿರು, ಹಳದಿ ಉಲ್ಲನ್ ದಾರದ್ದು. ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಜೇವರ್ಗಿಯ ನಮ್ಮ ಶಾಲೆಯಲ್ಲಿ ಅದನ್ನು ಮೇಜಿನ ಮೇಲಿಟ್ಟರೆ ಕೀಲಿ ಕಾಣುವುದಿಲ್ಲ, ಗೊಂಡೆಯಷ್ಟೇ ಕಾಣುತ್ತದೆ. ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು ಒಂದು ದಿನ ಅದನ್ನು ಎತ್ತಿ ಹಿಡಿದು, "ಟೀಚರ್, ಇದು ಎತ್ತಿನ ಕೊರಳಾಗಿಂದಲ್ರಿ? ನಿಮ್ಮ ಗಾಡಿ ಹಾಯ್ತದೇನ್ರಿ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇದು ಎತ್ತಿನದಲ್ಲ, ಟ್ರ್ಯಾಕ್ಟರಿನದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೆಲ್ ಆಯಿತು. ಹೇಳಿದ್ದರೂ ಒಂದು ಪಿರಿಯಡ್ಡಿಗೆ ಮುಗಿಯುವ ವಿಷಯವಲ್ಲ. ಅದಕ್ಕೇ ನಿಮ್ಮೆದುರು ಕೂತಿದ್ದೇನೆ. ನಿಮಗೆ ಬೆಲ್ಲಿನ ಕಾಟವಿಲ್ಲವಲ್ಲ.

ಈ ಗೊಂಡೆಯನ್ನು ಮಾಡಿದವರು ಇಬ್ಬರು. ಒಬ್ಬಳು ನನ್ನ ಕಾಕು ಕಸ್ತೂರಬಾಯಿ, ಅಂದರೆ ಅಪ್ಪನ ತಮ್ಮನ ಹೆಂಡತಿ. ಇನ್ನೊಬ್ಬಳು ಗೋಡೆಯಾಚೆಯ ಮನೆಯ ಖಾಸಿಂಬಿ. ಓಣಿಯ ಮಕ್ಕಳೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಆಳಂದ ತಾಲೂಕಿನ ಮಾದನಹಿಪ್ಪರಗಾದಲ್ಲಿ ನಮ್ಮ ಓಣಿಯಲ್ಲಿ ಬೆಳೆದ ಮಕ್ಕಳಿಗೆ ಒಂದು ಮನೆಯಲ್ಲಿ ಕಾಕು, ಇನ್ನೊಂದರಲ್ಲಿ ಖಾಲಾ. ಎರಡೂ ಕಡೆ ಉಣ್ಣಬಹುದಿತ್ತು, ಎರಡೂ ಕಡೆ ಬೈಸಿಕೊಳ್ಳಬಹುದಿತ್ತು.

ನಾನು ಚಿಕ್ಕವಳಿದ್ದಾಗ ಕಾಕುವಿನ ಮನೆಯಲ್ಲಿ ಒಂದು ಜೋಡಿ ಬಿಳಿ ಎತ್ತುಗಳಿದ್ದವು. ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆ ಹತ್ತಿರ ಬಂದರೆ ಕಾಕು ಉಲ್ಲನ್ ಉಂಡೆಗಳನ್ನು ಮಡಿಲಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕೂಡುತ್ತಿದ್ದಳು. ಒಂದು ಹಲಗೆಯ ತುಂಡಿಗೆ ದಾರವನ್ನು ಗಟ್ಟಿಯಾಗಿ ಸುತ್ತಬೇಕು, ನಡುವೆ ಬಿಗಿಯಾಗಿ ಕಟ್ಟಬೇಕು, ಎರಡೂ ತುದಿ ಕತ್ತರಿಸಿ ಕೊಡವಬೇಕು. ಆಮೇಲೆ ಕತ್ತರಿಯಿಂದ ಸುತ್ತಲೂ ಸವರುತ್ತ ಹೋದರೆ ಗುಂಡನೆಯ ಗೊಂಡೆ ಅರಳುತ್ತದೆ. ಕಾಕುವಿನ ಕೈಯಲ್ಲಿ ಅರಳುತ್ತಿತ್ತು ಅನ್ನಿ. ನನ್ನದು ಮಳೆಯಲ್ಲಿ ತೊಯ್ದ ಕೋಳಿಮರಿಯ ಹಾಗೆ ಕಾಣುತ್ತಿತ್ತು. ಒಂದು ವರ್ಷ ಹಟ ಮಾಡಿ ನಾನು ಮಾಡಿದ್ದನ್ನೇ ಎತ್ತಿಗೆ ಕಟ್ಟಿಸಿದೆ. ಎತ್ತು ಕುತ್ತಿಗೆ ಕೊಡವಿತು. ಗೊಂಡೆ ಬಿಚ್ಚಿಕೊಂಡು ದಾರದಾರವಾಗಿ ಕೊಟ್ಟಿಗೆಯ ತುಂಬ ಹರಡಿತು. ಅದನ್ನು ಕಂಡು ಕಾಕುವಿನ ಗಂಡ ಬಸಣ್ಣ ಕಾಕಾ, "ಇಕಿನ್ನ ಓದಿಸ್ರಪ್ಪೋ, ಮನಿ ಕೆಲಸಕ್ಕ ಬರಂಗಿಲ್ಲ" ಎಂದ. ನಾನು ಟೀಚರಾದದ್ದರ ಹಿಂದೆ ಆ ಎತ್ತಿನ ಪಾಲೂ ಇದೆ.

ಗೋಡೆಯಾಚೆ ಖಾಲಾಳ ಗಂಡ ಇಮಾಮಸಾಬ ಮಾಮಾ ಹೊಲಿಗೆಯಂತ್ರ ತುಳಿಯುತ್ತಿದ್ದರು. ಊರಿನವರ ಅಂಗಿ, ಪೈಜಾಮ ಹೊಲಿಯುವ ಅವರು ಹುಣ್ಣಿಮೆಯ ಹೊತ್ತಿಗೆ ಎತ್ತಿನ ಬೆನ್ನಿಗೆ ಹೊದಿಸುವ ಜೂಲ ಹೊಲಿಯುತ್ತಿದ್ದರು. ಬಣ್ಣದ ಬಟ್ಟೆಯ ಚೂರುಗಳು ಅವರ ಕಾಲ ಬಳಿ ಬೀಳುತ್ತಿದ್ದವು, ನಾವು ಆರಿಸಿಕೊಳ್ಳುತ್ತಿದ್ದೆವು. ಅವರು ಮೆತ್ತಗೆ ಮಾತಾಡುವ ಮನುಷ್ಯ. ಖಾಲಾ ಜೋರು. ಇಬ್ಬರ ದನಿಯನ್ನೂ ಕೂಡಿಸಿ ಭಾಗ ಮಾಡಿದ್ದರೆ ಎರಡು ಸಾಧಾರಣ ದನಿ ಆಗುತ್ತಿದ್ದವು.

ಬಸಣ್ಣ ಕಾಕಾ ಒಳ್ಳೆಯವನು. ಆದರೆ ಅವನಿಗೆ ಹೊಳೆಯುವ ವ್ಯಾಪಾರಗಳೆಲ್ಲ ಕಾಲಕ್ಕಿಂತ ಸ್ವಲ್ಪ ತಡವಾಗಿ ಹೊಳೆಯುತ್ತಿದ್ದವು. ಎತ್ತುಗಳನ್ನು ಮಾರಿ ಟೆಲಿಫೋನ್ ಬೂತ್ ಹಾಕಿದ; ಅದರ ಬೆನ್ನಿಗೇ ಊರಿನವರ ಕಿಸೆಗಳಿಗೆ ಮೊಬೈಲ್ ಬಂದವು. ಬೂತ್ ತೆಗೆದು ಸಿನಿಮಾದ ಸಿಡಿ ಬಾಡಿಗೆ ಕೊಡುವ ಅಂಗಡಿ ಇಟ್ಟ. ಜನ ಅದೇ ಮೊಬೈಲಿನಲ್ಲಿ ಸಿನಿಮಾ ನೋಡತೊಡಗಿದರು. ಆಮೇಲೆ ಹೋಟೆಲಿನ ಬೆಂಚಿನ ಮೇಲೆ ಕೂತು ಬೇರೆಯವರ ವ್ಯಾಪಾರಕ್ಕೆ ಸಲಹೆ ಕೊಡಲು ತೊಡಗಿದ. ಅದೊಂದರಲ್ಲಿ ನಷ್ಟವಾಗಲಿಲ್ಲ. ಇದ್ದ ಹೊಲವನ್ನು ಪಾಲಿಗೆ ಹಾಕಿದ್ದರು. ಅದರಿಂದ ಜೋಳ ಬರುತ್ತಿತ್ತು, ಉಳಿದದ್ದು ಬರುತ್ತಿರಲಿಲ್ಲ. ಮನೆ ನಡೆಸುವ ಭಾರ ಕಾಕುವಿನ ಮೇಲೆ ಬಿತ್ತು.

ಅತ್ತ ಇಮಾಮಸಾಬ ಮಾಮಾನಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣು ಮಂಜಾದವು. ಮೊದಲು ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕರೆಯುತ್ತಿದ್ದರು, ಆಮೇಲೆ ಗುರುತು ಹಾಕಲು, ಆಮೇಲೆ ಯಂತ್ರವೇ ನಿಂತಿತು. ಖಾಲಾ ಜಂಪರಿಗೆ ಹುಕ್ಕು ಹಚ್ಚಿ, ಸೀರೆಗೆ ಫಾಲ್ ಹೊಲಿದು ಔಷಧಿಗೆ ಹೊಂದಿಸುತ್ತಿದ್ದಳು.

ಹೀಗಿರುವಾಗ ಊರಿಗೆ ಮಹಿಳಾ ಸಂಘ ಬಂತು. ಆಳಂದದಿಂದ ಒಬ್ಬ ಮೇಡಂ ವಾರಕ್ಕೊಮ್ಮೆ ಬಂದು ಕಾಕುವಿನ ಪಡಸಾಲೆಯಲ್ಲಿ ಸಭೆ ಮಾಡುತ್ತಿದ್ದರು. ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಂತು ಸಣ್ಣ ಸಾಲ ತೆಗೆದುಕೊಳ್ಳಬೇಕು, ವಾರವಾರ ಕಂತು ಕಟ್ಟಬೇಕು. ಒಬ್ಬಳು ತಪ್ಪಿಸಿದರೆ ಉಳಿದವರು ತುಂಬಬೇಕು. ಯಾವ ಉದ್ಯೋಗಕ್ಕೆ ಸಾಲ ಎಂದು ಕೇಳಿದರೆ ಎಲ್ಲರೂ ಎಮ್ಮೆ ಎನ್ನುತ್ತಿದ್ದರು, ಎಮ್ಮೆ ಎಂದರೆ ಮುಂದೆ ಪ್ರಶ್ನೆ ಬರುತ್ತಿರಲಿಲ್ಲವಾದ್ದರಿಂದ. ಮೇಡಂ ಒಮ್ಮೆ ಎಮ್ಮೆಗಳನ್ನು ನೋಡಲು ಹೊರಟಾಗ ಅವರು ಮುಂಬಾಗಿಲಿನಿಂದ ಹೊರಬಿದ್ದಂತೆ ಇದ್ದ ಒಂದೇ ಎಮ್ಮೆ ಹಿತ್ತಿಲಿನಿಂದ ಮುಂದಿನ ಮನೆಗೆ ಹೋಗುತ್ತಿತ್ತು. ಕೊನೆಯ ಮನೆ ಮುಟ್ಟುವ ಹೊತ್ತಿಗೆ ಮೇಡಂಗಿಂತ ಎಮ್ಮೆಯೇ ದಣಿದಿತ್ತು. ನಿಜ ಹೇಳಬೇಕೆಂದರೆ ಮೇಡಂಗೂ ಎಲ್ಲ ಗೊತ್ತಿತ್ತು. ಕಂತು ಸರಿಯಾಗಿ ಬರುತ್ತಿದ್ದುದರಿಂದ ಅವರೂ ಎಮ್ಮೆಯ ಮುಖವನ್ನು ತೀರ ಹತ್ತಿರದಿಂದ ನೋಡಲಿಲ್ಲ.

ಕಾಕು ಮತ್ತು ಖಾಲಾ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಗೊಂಡಿ ಮಾಡ್ತೇವ್ರಿ," ಎಂದಳು ಕಾಕು.

"ಗೊಂಡಿ ಅಂದ್ರ?"

"ಎತ್ತಿಗಿ ಕಟ್ತಾರಲ್ರಿ, ಹುಣ್ಣಿವಿಗಿ."

"ಅದಕ್ಕೂ ಸಾಲ ಬೇಕೇನ್ರಿ?"

ಖಾಲಾ ತಡೆಯಲಿಲ್ಲ. "ಎಮ್ಮಿ ಅಂದ್ರ ಕೊಡ್ತೀರಿ, ಎತ್ತು ಅಂದ್ರ ಯಾಕ ಕೊಡಂಗಿಲ್ರಿ ಮೇಡಂ? ಅದಕ್ಕೂ ನಾಲ್ಕಽ ಕಾಲು ಅವ."

ಪಡಸಾಲೆಯೆಲ್ಲ ನಕ್ಕಿತು. ಸಾಲ ಸಿಕ್ಕಿತು.

ಮೊದಲ ವರ್ಷ ಚೆನ್ನಾಗಿ ಹೋಯಿತು. ಇಬ್ಬರೂ ಚಳಿಗಾಲದಿಂದಲೇ ಕೂತು ಮಾಡಿದರು. ಗೊಂಡೆಯ ಜೊತೆಗೆ ಕನ್ನಡಿ ಬಿಲ್ಲೆ ಹಚ್ಚಿದ ಹಣೆಪಟ್ಟಿ, ಕವಡೆಯ ಕೊರಳಸರ. ಕಣ್ಣು ಕಾಣದಿದ್ದರೂ ಹಲಗೆಗೆ ದಾರ ಸುತ್ತುವುದನ್ನು ಇಮಾಮಸಾಬ ಮಾಮಾ ಮಾಡುತ್ತಿದ್ದರು. ಬೆರಳಿಗೆ ಕೆಲಸ ಸಿಕ್ಕಿದ್ದಕ್ಕೆ ಅವರ ಮುಖವೂ ಸ್ವಲ್ಪ ತಿಳಿಯಾಯಿತು. ಆಳಂದದ ಸಂತೆಯಲ್ಲಿ ಖಾಲಾ ನಿಂತು ಕೂಗಿ ಮಾರುತ್ತಿದ್ದಳು. ಕಾಕು ಹಿಂದೆ, ಗಂಟಿನ ಮರೆಯಲ್ಲಿ, ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂಡುತ್ತಿದ್ದಳು. ಒಂದು ಕಾಲಕ್ಕೆ ನಮ್ಮದು ನಾಲ್ಕು ಮಂದಿ ಹೊಸ್ತಿಲ ಬಳಿ ನಿಂತು ಮಾತಾಡಿಸುವ ಮನೆ. ಆ ಮನೆಯ ಸೊಸೆ ಸಂತೆಯಲ್ಲಿ ಕೂತಳು ಎನ್ನಿಸಿಕೊಳ್ಳಲು ಆಕೆಗೆ ಮನಸ್ಸಿರಲಿಲ್ಲ. ಗುರುತಿನವರು ಯಾರಾದರೂ ಬಂದು ಮಾತಾಡಿಸಿದರೆ, "ಖಾಸಿಂಬಿ ಜೋಡಿ ಸುಮ್ನ ಬಂದೀನಿ" ಎನ್ನುತ್ತಿದ್ದಳು. ಖಾಲಾ ಅದನ್ನು ಕೇಳಿಸಿಕೊಂಡು ಇನ್ನಷ್ಟು ಜೋರಾಗಿ ಕೂಗುತ್ತಿದ್ದಳು.

ಎರಡನೆಯ ವರ್ಷ ಇನ್ನೂ ದೊಡ್ಡ ಸಾಲ ತೆಗೆದರು. ಖಾಲಾ ಸೊಲ್ಲಾಪುರದ ಬಸ್ಸು ಹತ್ತಿ ಸಗಟು ಮಾರುವ ಠೋಕ್ ಅಂಗಡಿಯಿಂದ ಮೂಟೆಗಟ್ಟಲೆ ಉಲ್ಲನ್ ತಂದಳು. ಅಫಜಲಪುರದ ಸಂತೆಗೂ ಹೋಗುವುದೆಂದು ಕಾಕು ಲೆಕ್ಕ ಹಾಕಿದಳು. ಲೆಕ್ಕಕ್ಕೆ ಸಿಗದ ಸಂಗತಿಯೆಂದರೆ ಎತ್ತುಗಳೇ. ಅವು ಯಾರಿಗೂ ತಿಳಿಸದೆ ಕಡಿಮೆಯಾಗಿದ್ದವು. ಹಿಂದಿನ ವರ್ಷ ಗೊಂಡೆ ಕೊಂಡ ಎಷ್ಟೋ ಮಂದಿ ಎತ್ತು ಮಾರಿ ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ಹೇಳುತ್ತಿದ್ದರು. ಎತ್ತು ಇದ್ದವರ ಹತ್ತಿರ ಹಿಂದಿನ ವರ್ಷದ ಗೊಂಡೆಯೇ ಇತ್ತು. ಹುಣ್ಣಿಮೆ ಬಂತು, ಹೋಯಿತು. ಮೂಟೆಗಳು ಹೋದ ಬಸ್ಸಿನಲ್ಲೇ ತಿರುಗಿ ಬಂದವು.

ಬಸ್ಸಿನಿಂದ ಇಳಿದ ಜಾಗದಲ್ಲೇ ಜಗಳ ಹತ್ತಿತು ಎಂದು ಆಮೇಲೆ ಕಾಕಾ ಹೇಳಿದ. ಹೋಟೆಲಿನ ಬೆಂಚಿನಿಂದ ಅದು ಚೆನ್ನಾಗಿ ಕಾಣುತ್ತಿತ್ತಂತೆ.

"ಇಷ್ಟು ಉಲ್ಲನ್ ತರ್ಲಾಕ ನಿನಗ ಯಾರು ಹೇಳಿದ್ರು ಬೇ?" ಎಂದಳು ಕಾಕು.

"ಅಫಜಲಪುರಕ್ಕೂ ಹೋಗೋಣು ಅಂದಾಕಿ ನೀ ಅಲ್ಲೇನು?"

"ನಾ ಬಾಯಿಂದ ಅಂದೆ. ನೀ ಹೋಗಿ ಹೊತ್ಕೊಂಡ ಬಂದಿ."

"ಹ್ಞಾಂ, ಹೊರೋದೂ ನಾನ, ಕೂಗೋದೂ ನಾನ. ನೀ ಸೆರಗ ಹೊತ್ಕೊಂಡು ಕೂಡು. ಮನ್ಯಾಗ ಎತ್ತು ಇದ್ದಾಗ ಗೌಡ್ತಿ ಇದ್ದಿ, ಖರೇ. ಈಗ ಯಾರಿಗಿ ಮಾರಿ ಮುಚ್ಕೋತಿ?"

ಕಾಕು ತನ್ನ ಪಾಲಿನ ಮೂಟೆ ಎತ್ತಿಕೊಂಡು ನಡೆದುಬಿಟ್ಟಳಂತೆ. ಆ ದಿನದಿಂದ ಇಬ್ಬರ ನಡುವೆ ಮಾತು ನಿಂತಿತು. ನಳದ ಬಳಿ ಒಬ್ಬಳ ಕೊಡ ತುಂಬಿ ಆಕೆ ಒಳಗೆ ಹೋದ ಮೇಲೆ ಇನ್ನೊಬ್ಬಳು ಬರುತ್ತಿದ್ದಳು. ಸಂಘದ ಸಭೆ ಕಾಕುವಿನ ಪಡಸಾಲೆಯಲ್ಲೇ ನಡೆಯುತ್ತಿದ್ದುದರಿಂದ ಖಾಲಾ ಬರದೆ ಗತಿಯಿರಲಿಲ್ಲ. ಬಂದು ಹೊಸ್ತಿಲ ಹತ್ತಿರ ಕೂತು, ಕಂತು ಕೊಟ್ಟು, ಚಹಾ ಮುಟ್ಟದೆ ಎದ್ದು ಹೋಗುತ್ತಿದ್ದಳು. ಆ ಕಂತನ್ನು ಇಬ್ಬರೂ ಹೇಗೆ ಹೊಂದಿಸಿದರೋ, ಒಂದು ವಾರವೂ ತಪ್ಪಿಸಲಿಲ್ಲ. ಜಾಮೀನು ನಿಂತ ಹೆಂಗಸರ ಕಣ್ಣು ಮಾತ್ರ ಪ್ರತಿ ವಾರ ಅವರಿಬ್ಬರ ಕೈಯ ಕಡೆಗೇ ಇರುತ್ತಿತ್ತು.

ನಾನು ರಜೆಗೆ ಹೋದಾಗ ಓದಿದವಳ ಬುದ್ಧಿ ಉಪಯೋಗಿಸಿದೆ. ಸಣ್ಣ ಗೊಂಡೆಗಳನ್ನು ಪೇಟೆಯ ಹೆಂಗಸರು ವ್ಯಾನಿಟಿ ಬ್ಯಾಗಿಗೆ ನೇತುಹಾಕಿಕೊಳ್ಳುತ್ತಾರೆ ಎಂದು ಎರಡೂ ಮನೆಗಳಿಂದ ಒಂದೊಂದು ಚೀಲ ತುಂಬಿಕೊಂಡು ಬಂದೆ. ಸಹೋದ್ಯೋಗಿಗಳು ದಾಕ್ಷಿಣ್ಯಕ್ಕೆ ಒಂದೊಂದು ಕೊಂಡರು. ಎರಡನೆಯ ಸಲ ನಾನು ಚೀಲ ಹಿಡಿದು ಬಂದಾಗ ಸ್ಟಾಫ್ ರೂಮು ಖಾಲಿಯಾಗಿತ್ತು. ಅಂದಿನಿಂದ ಕಾಕಾ ನನ್ನನ್ನು ಹೋಟೆಲಿಗೆ ಕರೆದು ಚಹಾ ಕುಡಿಸತೊಡಗಿದ. ತನ್ನ ಹಾದಿಯವಳೊಬ್ಬಳು ಸಿಕ್ಕಳೆಂದು ಅವನಿಗೆ ಸಮಾಧಾನವಾಗಿರಬೇಕು.

ಕಬ್ಬಿನ ಕಟಾವು ಶುರುವಾಗಿ ಕಾರ್ಖಾನೆಯ ಕಡೆ ಗಾಡಿಗಳು ಓಡಾಡುವ ದಿನಗಳು ಬಂದವು. ನುಸಿ ಹಿಡಿಯದಿರಲೆಂದು ಇಬ್ಬರೂ ತಮ್ಮತಮ್ಮ ಅಂಗಳದಲ್ಲಿ ಗೊಂಡೆಗಳನ್ನು ಹಗ್ಗಕ್ಕೆ ಹಾಕಿ ಬಿಸಿಲಿಗೆ ಒಣಗಿಸಿದ್ದರು. ಭೀಮಾ ದಂಡೆಯ ಮಣ್ಣೂರಿನ ಟ್ರ್ಯಾಕ್ಟರ್ ಡ್ರೈವರ್ ಒಬ್ಬ, ಶಿವಪ್ಪ ಎಂದು ಹೆಸರು, ಗಾಡಿ ಕೆಟ್ಟು ಓಣಿಯ ಬಾಯಲ್ಲಿ ನಿಂತಿದ್ದ. ರಿಪೇರಿಯವನ ದಾರಿ ಕಾಯುತ್ತ ಅಡ್ಡಾಡುವಾಗ ಕಾಕುವಿನ ಅಂಗಳದ ಹಗ್ಗ ಕಣ್ಣಿಗೆ ಬಿತ್ತು.

"ಯವ್ವಾ, ಇವು ಮಾರೋವೇನ್ರಿ?"

"ಹೌದಪ್ಪ. ಎತ್ತು ಅವೇನು?"

"ಎತ್ತಿಲ್ರಿ. ಟ್ರ್ಯಾಕ್ಟರಿಗಿ ಬೇಕಾಗಿತ್ತು."

ಕಾಕು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇದು ಉಸಿರಾಡೋ ಜೀವಕ್ಕ ಕಟ್ಟೋದಪ್ಪ. ನಿನ್ನ ಟ್ರ್ಯಾಕ್ಟರ್ ಏನು ಮೇವು ತಿಂತದೇನು?"

"ಡೀಸೆಲ್ ಕುಡೀತದ್ರಿ ಯವ್ವಾ. ಮೇವಿಗಿಂತ ತುಟ್ಟಿ."

"ಮುಂದ ನಡಿ."

ಅವನು ಮುಂದೆ ನಡೆದ. ಮುಂದಿನದು ಖಾಲಾಳ ಅಂಗಳ. ಖಾಲಾ ಹಗ್ಗದ ಮೇಲಿನದರಲ್ಲಿ ದೊಡ್ಡವನ್ನು ಆರಿಸಿದ್ದಲ್ಲದೆ ತಾನೇ ಟ್ರ್ಯಾಕ್ಟರಿನ ತನಕ ಹೋಗಿ, ಮುಂದಿನ ಕಬ್ಬಿಣದ ಮೇಲೆ ಕಾಲಿಟ್ಟು ಹತ್ತಿ, ದೀಪಗಳ ನಡುವೆ ಸಾಲಾಗಿ ಕಟ್ಟಿಕೊಟ್ಟಳು. ಕಾಕು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಶಿವಪ್ಪ ಕಾರ್ಖಾನೆಯ ಮುಂದೆ ಸರದಿಯಲ್ಲಿ ನಿಂತಾಗ ಉಳಿದ ಡ್ರೈವರುಗಳೂ ನೋಡಿದರು. ಆಮೇಲೆ ಓಣಿಯಲ್ಲಿ ಟ್ರ್ಯಾಕ್ಟರುಗಳು ಕೆಡದೆಯೂ ನಿಲ್ಲತೊಡಗಿದವು. ಖಾಲಾಳ ಪಾಲಿನ ಮೂಟೆ ಖಾಲಿಯಾಯಿತು. ಕಾಕುವಿನದು ಹಾಗೆಯೇ ಇತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ದೊಡ್ಡದೊಂದು ಕೆಲಸ ಬಂತು. ಜೇವರ್ಗಿ ಕಡೆಯ ಇಜೇರಿಯ ಒಬ್ಬ ದೊಡ್ಡ ರೈತರು ಮಗನ ಮದುವೆಗೆ ಹೊಸ ಟ್ರ್ಯಾಕ್ಟರ್ ತೆಗೆದಿದ್ದರು. ಮದುಮಕ್ಕಳ ಮೆರವಣಿಗೆ ಅದರ ಮೇಲೆಯೇ ಆಗಬೇಕು. ಇಂಜಿನ್ನು, ಎರಡು ಟ್ರೇಲರು, ಗಾಲಿಯ ಮೇಲಿನ ಕಮಾನು, ಎಲ್ಲಕ್ಕೂ ಗೊಂಡೆ. ಶಿವಪ್ಪನೇ ಮಾತು ಮುಟ್ಟಿಸಿದ. ಖಾಲಾ ಹಿಂದೆಮುಂದೆ ನೋಡದೆ ಮುಂಗಡ ಹಿಡಿದಳು. ಹಿಡಿದ ಮೇಲೆ ಆಕೆಗೆ ತಿಳಿದದ್ದು, ಹಗಲು ಪೂರ್ತಿ ಕೂತರೂ ಮದುವೆಯ ಹೊತ್ತಿಗೆ ಅರ್ಧವೂ ಆಗುವುದಿಲ್ಲವೆಂದು. ಮುಂಗಡದಲ್ಲಿ ಆಗಲೇ ಗಂಡನ ಔಷಧಿ ಬಂದಿತ್ತು, ಕಂತು ಹೋಗಿತ್ತು. ತಿರುಗಿ ಕೊಡುವ ಮಾತಿರಲಿಲ್ಲ. ಕೆಲಸ ಮುಗಿಯದಿದ್ದರೆ ಡ್ರೈವರುಗಳಲ್ಲಿ ಹುಟ್ಟಿದ ಹೆಸರೂ ಉಳಿಯುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಊರಿನಲ್ಲಿದ್ದೆ. ಕಾಕು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇಮಾಮಸಾಬ ಮಾಮಾ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಿಂದ ಗೋಡೆಯನ್ನು ಸವರುತ್ತ ಬಂದು ಕಟ್ಟೆಯ ಹತ್ತಿರ ನಿಂತರು. ಮನೆಯ ಹೊರಗೆ ಅವರು ಒಬ್ಬರೇ ಬಂದದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

"ಕಸ್ತೂರಕ್ಕ, ಅದೀರೇನ್ರಿ?"

"ಬರ್ರಿ ಅಣ್ಣಾರ, ಕೂಡ್ರಿ."

"ಕೂಡಂಗಿಲ್ರಿ. ಆಕಿ ನನ್ನ ಕಳಸಿಲ್ಲ. ಬಂದದ್ದು ಗೊತ್ತಾದ್ರ ಮನ್ಯಾಗ ಇಟ್ಕೊಳ್ಳಂಗಿಲ್ಲ. ಊಟಕ್ಕೂ ಏಳವಲ್ಲಳು ನೋಡ್ರಿ. ಕೈ ಬಾತಾವ. ನನಗ ಕಾಣಂಗಿಲ್ಲ, ಮುಟ್ಟಿ ನೋಡಿದೆ." ಅಷ್ಟು ಹೇಳಿ, ಬಂದ ಹಾಗೆಯೇ ಗೋಡೆ ಸವರುತ್ತ ತಿರುಗಿ ಹೋದರು.

ಕಾಕು ಜೋಳ ಹಸನು ಮಾಡಿ ಮುಗಿಸಿದಳು. ಡಬ್ಬಿಗೆ ತುಂಬಿದಳು. ಮೊರ ಕೊಡವಿ ಮೊಳೆಗೆ ಹಾಕಿದಳು. ಆಮೇಲೆ ಅಟ್ಟದ ಮೇಲಿನ ತನ್ನ ಮೂಟೆಯನ್ನು ಇಳಿಸಿ, ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡಿ" ಎಂದಳು.

ಖಾಲಾ ನಮ್ಮನ್ನು ಕಂಡು ಎದ್ದು ನಿಂತಳು. ಕಾಕು ಆಕೆಯನ್ನು ನೋಡದೆ ಬಾಗಿಲಿನ ಚೌಕಟ್ಟಿಗೆ ಹೇಳುವಂತೆ ಹೇಳಿದಳು: "ನಾ ಟ್ರ್ಯಾಕ್ಟರಿಗಿ ಮಾಡಾಕ ಬಂದಿಲ್ಲ. ಮದುವಿಗಿ ಮಾಡಾಕ ಬಂದೀನಿ."

ಕೂತರು. ಒಬ್ಬಳು ಈ ಗೋಡೆಗೆ, ಒಬ್ಬಳು ಆ ಗೋಡೆಗೆ, ನಡುವೆ ಹಲಗೆ ಹಿಡಿದ ಇಮಾಮಸಾಬ ಮಾಮಾ. ನನಗೆ ತುದಿ ಕತ್ತರಿಸುವ ಕೆಲಸ ಕೊಟ್ಟರು. ಸ್ವಲ್ಪ ಹೊತ್ತಿಗೆ ಕತ್ತರಿಯನ್ನು ಕಿತ್ತುಕೊಂಡರು. ನಾನು ಕೆಡಿಸಿದ್ದ ಒಂದು ಗೊಂಡೆಯನ್ನು ಕಾಕು ಬಿಚ್ಚಿ ಕಟ್ಟಿದಳು, ಖಾಲಾ ಸವರಿ ಗುಂಡಗೆ ಮಾಡಿ ನನ್ನತ್ತ ಎಸೆದಳು. ಕೈಗೆ ಏನಾದರೂ ಕೊಟ್ಟರೆ ಮಗು ಸುಮ್ಮನೆ ಕೂಡುತ್ತದಲ್ಲ, ಹಾಗೆ. ಈಗ ನನ್ನ ಕೀಲಿಯಲ್ಲಿ ಇರುವುದು ಅದೇ.

ಮಾತು ಬೇಕಾಗಿ ಬಂದಾಗ ಇಬ್ಬರೂ ಮಾಮಾನ ಮೂಲಕ ಆಡುತ್ತಿದ್ದರು.

"ಅಣ್ಣಾರ, ನಿಮ್ಮ ಮನಿಯಾಕಿಗಿ ಹೇಳ್ರಿ, ಕೆಂಪು ಉಲ್ಲನ್ ಈ ಕಡಿ ಸರಸಾಕ."

"ಖಾಸಿಂಬಿ, ಕಸ್ತೂರಕ್ಕ ಕೆಂಪು ಕೇಳಾಕತ್ಯಾರ."

"ಕೆಂಪು ಮುಗದದ ಅಂತ ಹೇಳ್ರಿ. ಹಳದಿ ಹಾಕ್ಲಿ."

"ಕಸ್ತೂರಕ್ಕ, ಹಳದಿ ಅಂತ."

ಒಂದೇ ಕೋಣೆ, ಕೈ ಚಾಚಿದರೆ ಮುಟ್ಟುವಷ್ಟು ದೂರ. ಮಾಮಾ ಮಾತ್ರ ಬೇಸರಪಡದೆ ಪ್ರತಿಯೊಂದನ್ನೂ ಅತ್ತಿಂದಿತ್ತ ಒಯ್ಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕಾಕು ಒಂದು ಸರವನ್ನು ಎಳೆದು ನೋಡಿ, "ಗಂಟು ಸಡ್ಲ ಅವ ಅಂತ ಹೇಳ್ರಿ. ಇಜೇರಿ ಮುಟ್ಟೋದರಾಗ ಉದುರಿ ಬೀಳ್ತಾವ" ಎಂದಳು.

ಮಾಮಾ ದಾರ ಸುತ್ತುವುದನ್ನು ನಿಲ್ಲಿಸಿ ಹೆಂಡತಿಯ ಕಡೆಗೆ ತಿರುಗಿದರು. "ಖಾಸಿಂಬಿ, ಗಂಟು ಭಾಳ ಚೆಂದ ಹಾಕೀದಿ ಅನ್ನಾಕತ್ಯಾರ ನೋಡು."

"ನನಗೇನು ಕಿವಿ ಇಲ್ಲೇನು? ಸಡ್ಲ ಇದ್ರ ಬಿಚ್ಚಿ ತಾನಽ ಹಾಕ್ಲಿ ಅಂತ ಹೇಳ್ರಿ ಆಕಿಗಿ!"

"ಕಸ್ತೂರಕ್ಕ, ನಿಮ್ಮಂಥಾ ಕೈ ಊರಾಗಽ ಯಾರಿಗೂ ಇಲ್ಲಂತ್ರಿ."

ಕಾಕುವಿನ ಭುಜ ಅಲುಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಹೊರಗೆ ಬಂದೇಬಿಟ್ಟಿತು. ಖಾಲಾ ತಡೆದುಕೊಳ್ಳಲು ನೋಡಿ ಸೋತು, ಕೈಯಲ್ಲಿದ್ದ ಉಂಡೆಯನ್ನು ಗಂಡನ ಮೇಲೆ ಎಸೆದಳು. ಅದು ಎಲ್ಲಿಂದ ಬಂತೆಂದು ತಿಳಿಯದೆ ಅವರು ಎರಡೂ ಕಡೆ ಮುಖ ತಿರುಗಿಸಿದರು. ಇಬ್ಬರೂ ಇನ್ನಷ್ಟು ನಕ್ಕರು.

"ನಿನ್ನ ಗಂಡ ಟೈಲರ್ ಆಗಬಾರದಿತ್ತು ಖಾಸಿಂಬಿ," ಎಂದಳು ಕಾಕು ಕಣ್ಣೊರೆಸಿಕೊಳ್ಳುತ್ತ. "ವಕೀಲ ಆಗಬೇಕಿತ್ತು."

"ಅಕ್ಕಾ, ಮನ್ಯಾಗ ಎಷ್ಟು ಸುಳ್ಳ ಹೇಳ್ತಾರ ಅಂತ ನಿನಗೇನು ಗೊತ್ತು!"

ಜಗಳ ಅಲ್ಲಿಗೆ ಮುಗಿದಿತ್ತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಮಾಮಾ ಬಿಟ್ಟಲ್ಲಿಂದ ದಾರ ಸುತ್ತತೊಡಗಿದರು.

ಮದುವೆಯ ಹಿಂದಿನ ದಿನ ಮೂಟೆಗಳೊಂದಿಗೆ ಕಾಕು, ಖಾಲಾ, ನಾನು ಮೂವರೂ ಬಸ್ಸು ಬದಲಾಯಿಸುತ್ತ ಇಜೇರಿಗೆ ಹೋದೆವು. ಅಂಗಳದಲ್ಲಿ ಹೊಸ ಟ್ರ್ಯಾಕ್ಟರ್ ಮಿರುಗುತ್ತ ನಿಂತಿತ್ತು. ಕಾಕು ಕನ್ನಡಿ ಹಚ್ಚಿದ ದೊಡ್ಡ ಹಣೆಹಾರವನ್ನು ಎರಡೂ ಕೈಯಲ್ಲಿ ಹಿಡಿದು ಅದರ ಸುತ್ತ ಒಂದು ಸಲ ನಡೆದಳು. ಆಮೇಲೆ ಶಿವಪ್ಪನನ್ನು ಕರೆದು ಗಂಭೀರವಾಗಿ ಕೇಳಿದಳು: "ಇದರ ಹಣಿ ಯಾವದೋ ತಮ್ಮಾ?"

ಶಿವಪ್ಪ ಅಷ್ಟೇ ಗಂಭೀರವಾಗಿ ಬಾನೆಟ್ಟಿನ ಮುಂಭಾಗವನ್ನು ತೋರಿಸಿದ. ಕಾಕು ಸೊಂಟದ ಚೀಲದಿಂದ ವಿಭೂತಿ ತೆಗೆದು ಅಲ್ಲಿ ಮೂರು ಗೆರೆ ಎಳೆದಳು, ಮೇಲೆ ಹಾರ ಕಟ್ಟಿದಳು. ಖಾಲಾ ಗಾಲಿಯ ಮೇಲೆ ಹತ್ತಿ ಕೂತು ಕಮಾನಿಗೆ ಗೊಂಡೆ ಸಾಲು ಬಿಗಿಯುತ್ತಿದ್ದಳು. ಮದುವೆಮನೆಯ ಹೆಂಗಸರು ಅಡುಗೆ ಬಿಟ್ಟು ನೋಡಲು ಬಂದರು. ಆಮೇಲೆ ಕೆಲಸ ಕೇಳಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಿಂದ ಜನ ಬರತೊಡಗಿದರು, ಸಂಘದ ಸಾಲ ತೀರಿತು, ಇನ್ನೊಂದು ತೆಗೆದರು, ಅದೂ ತೀರಿತು. ಇದರಲ್ಲಿ ಹೇಳುವಂಥದ್ದೇನಿಲ್ಲ. ಸುಗಮವಾಗಿ ನಡೆದದ್ದರ ಬಗ್ಗೆ ಎರಡು ಸಾಲಿಗಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಸಂತೆಯಲ್ಲಿ ಮಾತ್ರ ಖಾಲಾ ನಿಂತು ಕೂಗುವುದು, ಕಾಕು ಹಿಂದೆ ಸೆರಗು ಹೊತ್ತು ಕೂಡುವುದು ಹಾಗೆಯೇ ಇತ್ತು. ಖಾಲಾ ಮತ್ತೆ ಆ ಮಾತು ಎತ್ತಲಿಲ್ಲ.

ಕಳೆದ ಮಳೆಗಾಲದಲ್ಲಿ ಇಮಾಮಸಾಬ ಮಾಮಾ ತೀರಿಕೊಂಡರು. ಕಾಯಿಲೆ ಕಾಲಿಗೆ ಇಳಿದಿತ್ತು. ಕಲಬುರಗಿಯ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಖಾಲಾ ಇದ್ದತ್ತಿಗೆ ಕೂತಳು. ಗಂಡ ಸತ್ತ ಮೇಲೆ ಹೆಂಗಸು ಕೆಲವು ತಿಂಗಳು ಮನೆಯ ಹೊಸ್ತಿಲು ದಾಟದೆ ಕೂಡುವ ಪದ್ಧತಿ ಅದು. ದನಿಗೆ ಹೆಸರಾದ ಹೆಂಗಸು ಮಾತನ್ನೇ ಬಿಟ್ಟಳು. ಕೇಳಿದರೆ "ಹ್ಞಾಂ", ಕೊಟ್ಟರೆ ಒಂದು ತುತ್ತು. ಕಾಕು ದಿನಾ ಮಧ್ಯಾಹ್ನ ಹೋಗಿ ಆಕೆಯ ಪಕ್ಕ ಕೂತು ಗೊಂಡೆ ಕಟ್ಟುತ್ತಿದ್ದಳು, ಖಾಲಾ ನೋಡುತ್ತಲೂ ಇರಲಿಲ್ಲ.

ಹಾಗಿರುವಾಗ ಒಂದು ದಿನ ನಾನು ಖಾಲಾಳನ್ನು ನೋಡಿ ಬರಲು ಹೊರಟು ಆಳಂದದಲ್ಲಿ ಬಸ್ಸಿಳಿದೆ. ಸಂತೆಯ ದಿನ. ಹಣ್ಣು ಕೊಳ್ಳಲು ಒಳಗೆ ಹೋದರೆ ಪರಿಚಿತ ದನಿಯೊಂದು ಅಪರಿಚಿತ ಎತ್ತರದಲ್ಲಿ ಕೇಳಿಸಿತು.

"ಬರ್ರಿ, ಬರ್ರಿ! ಕಬ್ಬಿನ ಗಾಡಿಗಿ ಹೊಸಾ ಗೊಂಡಿ ನೋಡ್ರಿ! ಮುಟ್ಟಿ ನೋಡ್ರಿ, ಮುಟ್ಟಿದ್ರ ರೊಕ್ಕ ಬೀಳಂಗಿಲ್ಲ!"

ಕಾಕು ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಗೊಂಡೆ ಸಾಲು ಎತ್ತಿ ಹಿಡಿದು, ಬಿಸಿಲಿಗೆ ಕೆಂಪಾಗಿ. ಕೂಗಿ ರೂಢಿಯಿಲ್ಲದ ಗಂಟಲು ನಡುನಡುವೆ ಒಡೆಯುತ್ತಿತ್ತು. ನಾನು ಎದುರಿಗೆ ಹೋಗಿ ನಿಂತೆ.

"ಏನ್ ನಿಂತು ನೋಡ್ತಿ? ಬಾಜೂಕ ಸರಿ, ಗಿರಾಕಿ ನಿಂತಾರ," ಎಂದಳು.

ಸಂಜೆ ಇಬ್ಬರೂ ಕೂಡಿ ಊರಿಗೆ ಹೋದೆವು. ಕಾಕು ತನ್ನ ಮನೆಗೆ ಹೋಗದೆ ನೇರವಾಗಿ ಖಾಲಾಳ ಒಳಕೋಣೆಗೆ ನಡೆದು, ಕಾಲು ಚಾಚಿ ಕೂತು, ಸಂತೆಯ ಸುದ್ದಿಯನ್ನೆಲ್ಲ ಹೇಳಿದಳು. ಯಾರು ಬಂದರು, ಯಾವ ಊರಿನವರು, ಯಾರು ಖಾಸಿಂಬಿ ಎಲ್ಲಿ ಎಂದು ಕೇಳಿದರು. ಖಾಲಾ ಗೋಡೆಗೆ ಒರಗಿ, "ಹ್ಞಾಂ, ಹ್ಞಾಂ" ಎನ್ನುತ್ತಿದ್ದಳು.

"ಕಡೀಕ ಒಬ್ಬಾಂವ ಬಂದಾ, ಕನ್ನಡಿ ಹಚ್ಚಿದ ದೊಡ್ಡ ಹಣೆಹಾರ ತಗೊಂಡಾ," ಎಂದಳು ಕಾಕು.

"ಹ್ಞಾಂ." ಖಾಲಾ ಕಾಕುವಿನ ಕಡೆ ಮುಖ ತಿರುಗಿಸಿ, "ಎಷ್ಟಕ್ಕ ಕೊಟ್ಟಿ?"

ಕಾಕು ಹೇಳಿದಳು. ಅದು ಸಣ್ಣ ಜೋಡಿ ಗೊಂಡೆಯ ಬೆಲೆ.

ಖಾಲಾ ಗೋಡೆ ಬಿಟ್ಟು ನೆಟ್ಟಗೆ ಕೂತಳು. "ಯಾ ಅಲ್ಲಾ! ಹಣೆಹಾರ ಕೊಟ್ಟಿ? ಅಷ್ಟಕ್ಕ? ಬುದ್ಧಿ ಅದ ಏನಕ್ಕಾ ನಿನಗ? ಕನ್ನಡಿ ಏನು ಪುಕ್ಕಟೆ ಬರ್ತಾವೇನು? ಉಲ್ಲನ್ ಖರ್ಚ ಹೋಗ್ಲಿ, ಬಸ್ಸಿನ ರೊಕ್ಕನೂ ಹುಟ್ಟಲಿಲ್ಲಲ್ಲ! ಇಷ್ಟು ದಿನ ನನ್ನ ಹಿಂದ ಕೂತು ಏನ್ ನೋಡಿದಿ, ಸಂತ್ಯಾಗಿನ ನಾಯಿ ಎಣಿಸಿದೇನು?"

ದನಿ ಏರುತ್ತ ಹೋಯಿತು. ಓಣಿಗೆ ಕೇಳಿಸುವಷ್ಟು ಏರಿತು. ನಾನು ನಡುವೆ ಬಾಯಿ ಹಾಕಲು ಹೋದೆ. ಬಿಸಿಲಲ್ಲಿ ದಿನವೆಲ್ಲ ನಿಂತವಳನ್ನು ಹೀಗೆ ಬೈಯುವುದು ಸರಿಯೇ ಎನ್ನಲು. ಕಾಕು ನನ್ನ ತೊಡೆಯನ್ನು ಗಟ್ಟಿಯಾಗಿ ಚಿವುಟಿದಳು.

"ಸುಮ್ನ ಕೂಡು. ಬೈಲಿ," ಎಂದು ನನ್ನ ಕಿವಿಯಲ್ಲಿ ಹೇಳಿ, ಖಾಲಾಳ ಕಡೆ ತಿರುಗಿ ತಲೆ ತಗ್ಗಿಸಿದಳು. "ಹೌದವ್ವಾ, ತಪ್ಪಾತು. ನನಗೇನ್ ತಿಳೀತದ."

"ತಿಳೀದಿದ್ರ ಕಲಿ! ತಾ ಇಲ್ಲಿ ಆ ಗಂಟು. ಇದು ನೋಡು, ಇದಕ್ಕೊಂದು ರೇಟು. ಇದು ಬ್ಯಾರೆ. ಎರಡೂ ಒಂದಽ ಕಾಣ್ತಾವೇನು ನಿನಗ?" ಖಾಲಾ ಗಂಟು ಬಿಚ್ಚಿ ಗೊಂಡೆಗಳನ್ನು ಚಾಪೆಯ ಮೇಲೆ ಸುರಿದು ಬೇರೆಬೇರೆ ಗುಂಪಿಗೆ ಹಾಕತೊಡಗಿದಳು. ಕಾಕು ಪ್ರತಿಯೊಂದಕ್ಕೂ "ಹೌದು, ಹೌದು" ಎನ್ನುತ್ತ ಮುಂದೆ ಸರಿದು ಕೂತಳು.

ನಾನು ಎದ್ದು ಅಡುಗೆಮನೆಗೆ ಹೋದೆ. ಆ ಎರಡು ಮನೆಗಳಲ್ಲಿ ನನಗೆ ನಂಬಿ ಬಿಟ್ಟುಕೊಡುವ ಕೆಲಸ ಚಹಾ ಮಾಡುವುದೊಂದೇ. ನೀರು ಕುದಿಯಿತು, ಸಕ್ಕರೆ ಹುಡುಕಿದೆ, ಸೋಸಿದೆ. ಒಳಗೆ ಬೈಗುಳ ಇನ್ನೂ ನಡೆದೇ ಇತ್ತು.